ಪುನರ್ಪುಳಿ, ನಿಂಬೆ, ಪಾನಕ: ತೂಕ ನೋಡಿ ಸುರಿಯುವ ಶರಬತ್ತು ಯಂತ್ರ

ಮೂರು ಬಾಟಲಿ ಸಿರಪ್, 20 ಲೀಟರಿನ ಒಂದು ನೀರಿನ ಕ್ಯಾನ್, ಮುಂದೆ ಮೂರು ಗುಂಡಿ. ಲೋಟ ಇಟ್ಟು ಗುಂಡಿ ಒತ್ತಿದರೆ ಮುಕ್ಕಾಲು ನಿಮಿಷದೊಳಗೆ ಸುಮಾರು 200 ಗ್ರಾಂ ಶರಬತ್ತು ತಯಾರಾಗಬೇಕು. ಮೊದಲ ಲೋಟಕ್ಕೂ ನಲವತ್ತನೆಯ ಲೋಟಕ್ಕೂ ರುಚಿ ಒಂದೇ ಇರಬೇಕು. ಇದಕ್ಕೆ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ನಿಯಂತ್ರಕ ಬೋರ್ಡು ಧಾರಾಳವಾಗಿ ಸಾಕು. ವೈಫೈ ಬೇಕೆನ್ನುವವರು ಇಎಸ್‌ಪಿ32 ಹಾಕಬಹುದು, ಆದರೆ ಅದರ ಪಿನ್ನುಗಳು 3.3 ವೋಲ್ಟಿನವು. ಪಂಪುಗಳಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ, ಕೆಳಗೆ ಹೇಳುವ ಮಾಸ್‌ಫೆಟ್‌ಗಳನ್ನು ಆಗ ಬೇರೆ ಆರಿಸಬೇಕಾಗುತ್ತದೆ.

ಇಂಥ ಯಂತ್ರಗಳಲ್ಲಿ ಹೆಚ್ಚಿನವು ಸಮಯ ನೋಡಿ ಸುರಿಯುತ್ತವೆ: ಪಂಪನ್ನು ಇಂತಿಷ್ಟು ಸೆಕೆಂಡ್ ಓಡಿಸಿದರೆ ಇಂತಿಷ್ಟು ಮಿಲಿಲೀಟರ್ ಎಂಬ ಲೆಕ್ಕ. ನೀರಿಗೆ ಈ ಲೆಕ್ಕ ನಡೆಯುತ್ತದೆ, ಸಿರಪ್‌ಗೆ ನಡೆಯುವುದಿಲ್ಲ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಸಿರಪ್ ಮಂದವಾಗಿ ಬರುತ್ತದೆ, ಒಂದು ಗಂಟೆ ಹೊರಗಿದ್ದರೆ ಸರಾಗವಾಗಿ ಹರಿಯುತ್ತದೆ. ಪಂಪಿನ ಟ್ಯೂಬ್ ಸವೆದಷ್ಟೂ ಹರಿವು ಇಳಿಯುತ್ತದೆ. ಬಾಟಲಿ ಖಾಲಿಯಾಗಿ ಗಾಳಿ ಎಳೆಯುತ್ತಿದ್ದರೂ ಗಡಿಯಾರ ಓಡುತ್ತಲೇ ಇರುತ್ತದೆ, ಲೋಟಕ್ಕೆ ಬರೀ ನೀರು ಬೀಳುತ್ತದೆ. ಆದ್ದರಿಂದ ಲೋಟದ ಅಡಿಯಲ್ಲೇ ತೂಕ ಅಳೆಯುವ ಲೋಡ್‌ಸೆಲ್ ಇಟ್ಟು, ಬಿದ್ದ ತೂಕ ನೋಡಿ ಪಂಪು ನಿಲ್ಲಿಸಬೇಕು. ಲೋಟ ಇದೆಯೇ, ಬಾಟಲಿ ಖಾಲಿಯೇ, ಯಾರಾದರೂ ನಡುವೆ ಲೋಟ ಎತ್ತಿದರೇ ಎಂಬುದನ್ನೂ ಅದೇ ಲೋಡ್‌ಸೆಲ್ ಹೇಳುತ್ತದೆ. ಐಆರ್ ಸೆನ್ಸರಿಗೆ ಗಾಜಿನ ಲೋಟ ಕಾಣುವುದಿಲ್ಲ, ಹೊಳೆಯುವ ಸ್ಟೀಲ್ ಲೋಟ ಬೆಳಕನ್ನು ಎತ್ತೆತ್ತಲೋ ಚೆಲ್ಲುತ್ತದೆ. ತೂಕಕ್ಕೆ ಈ ಭೇದವಿಲ್ಲ.

ಪಂಪುಗಳು

ಸಿರಪ್‌ಗೆ ಪೆರಿಸ್ಟಾಲ್ಟಿಕ್ ಪಂಪನ್ನೇ ಬಳಸಿ, ಬೇರೆ ಯಾವುದೂ ಬೇಡ. ಇದರಲ್ಲಿ ರೋಲರುಗಳು ಸಿಲಿಕೋನ್ ಟ್ಯೂಬನ್ನು ಒತ್ತುತ್ತಾ ತಿರುಗುತ್ತವೆ. ದ್ರವ ಟ್ಯೂಬಿನ ಒಳಗೇ ಇರುತ್ತದೆ, ಲೋಹಕ್ಕಾಗಲೀ ಸೀಲಿಗಾಗಲೀ ತಾಗುವುದಿಲ್ಲ. ಪುನರ್ಪುಳಿ, ನಿಂಬೆ ಎರಡೂ ಹುಳಿ, ಹಿತ್ತಾಳೆಯನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತವೆ, ಹಾಗಾಗಿ ಈ ಗುಣ ಮುಖ್ಯ. ಇನ್ನೊಂದು ಅನುಕೂಲವೆಂದರೆ, ಪಂಪು ನಿಂತಾಗ ರೋಲರ್ ಟ್ಯೂಬನ್ನು ಬಿಗಿಯಾಗಿ ಮುಚ್ಚಿರುತ್ತದೆ, ಸಿರಪ್ ತಾನಾಗಿ ಸೋರುವುದಿಲ್ಲ. 12 ವೋಲ್ಟಿನ ಸಣ್ಣ ಮಾದರಿಗಳು ನಿಮಿಷಕ್ಕೆ 100 ಮಿ.ಲೀ.ವರೆಗೆ ಕೊಡುತ್ತವೆ, 200ರಿಂದ 300 ಮಿಲಿಆಂಪ್ ಎಳೆಯುತ್ತವೆ. ಅಂಥವು ಮೂರು ಬೇಕು. ಬಜೆಟ್ ಇದ್ದರೆ ದೊಡ್ಡ ತಲೆಯ ಮಾದರಿ ಕೊಳ್ಳಿ. ಕಾಯುವ ಹೊತ್ತಿನ ಬಹುಪಾಲು ಸಿರಪ್‌ನದೇ.

ನೀರಿಗೆ ಇದೇ ಪಂಪು ಹಾಕಿದರೆ 150 ಗ್ರಾಂ ಬೀಳಲು ಒಂದೂವರೆ ನಿಮಿಷ ಬೇಕು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ನೀರಿಗೆ ಸರಿಹೊಂದುವುದು ಆರ್‌ಒ ಫಿಲ್ಟರಿನ 24 ವೋಲ್ಟ್ ಬೂಸ್ಟರ್ ಪಂಪು, 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಎಂದು ಬರೆದಿರುವುದು. ಕುಡಿಯುವ ನೀರಿಗೆಂದೇ ಮಾಡಿದ್ದು, ಆರ್‌ಒ ರಿಪೇರಿ ಅಂಗಡಿ ಇರುವ ಯಾವ ಊರಲ್ಲೂ ಸಿಗುತ್ತದೆ. ಅದಕ್ಕೆ ಹೊಂದುವ ಕಾಲಿಂಚು ಬಿಳಿ ಪೈಪು, ಒತ್ತಿ ಸಿಕ್ಕಿಸುವ ಎಲ್ಬೋ, 24 ವೋಲ್ಟಿನ ಅಡಾಪ್ಟರ್ ಎಲ್ಲವೂ ಅದೇ ಕೌಂಟರಿನಲ್ಲಿ ದೊರೆಯುತ್ತವೆ. ಎದುರು ಒತ್ತಡವಿಲ್ಲದಾಗ ಮಾದರಿಗೆ ತಕ್ಕಂತೆ ನಿಮಿಷಕ್ಕೆ ಒಂದು ಲೀಟರಿನ ಆಸುಪಾಸು ಹರಿಸುತ್ತದೆ, ಎಂದರೆ 150 ಗ್ರಾಂಗೆ ಹತ್ತು ಸೆಕೆಂಡಿನ ಸುಮಾರು. ಇದರಲ್ಲಿ ಸಿರಪ್ ಮಾತ್ರ ಓಡಿಸಬೇಡಿ. ಒಳಗಿನ ಪುಟ್ಟ ರಬ್ಬರ್ ಕವಾಟಗಳು ಸಕ್ಕರೆ ಒಣಗಿದರೆ ಅಂಟಿಕೊಳ್ಳುತ್ತವೆ.

ಕ್ಯಾನನ್ನು ನೆಲದ ಮೇಲೆ, ನಳಿಗೆಯ ತುದಿಗಿಂತ ಕೆಳಗೆ ಇಡಿ. ಈ ಪಂಪಿನ ಕವಾಟಗಳು ಹಿಂದಕ್ಕೆ ಹರಿಯುವುದನ್ನು ತಡೆಯುತ್ತವೆಯೇ ಹೊರತು ಮುಂದಕ್ಕೆ ಹರಿಯುವುದನ್ನಲ್ಲ. ಕ್ಯಾನ್ ಮೇಲಿದ್ದರೆ ಪಂಪು ನಿಂತಿದ್ದರೂ ನೀರು ಸೈಫನ್ ಆಗಿ ಇಳಿಯುತ್ತಲೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಅಡುಗೆಮನೆ ಕೆರೆಯಾಗಿರುತ್ತದೆ. ಜಾಗವಿಲ್ಲದೆ ಮೇಲೆಯೇ ಇಡಬೇಕಾದರೆ ಪಂಪಿನ ನಂತರ 24 ವೋಲ್ಟಿನ ಸೊಲೆನಾಯ್ಡ್ ಕವಾಟವನ್ನು ಸೇರಿಸಿ, ಪಂಪಿನ ಜೊತೆಗೇ ತೆರೆಯುವಂತೆ ತಂತಿ ಕೊಡಿ. ಪಂಪಿಲ್ಲದೆ ಕವಾಟ ಮಾತ್ರ ಇಟ್ಟು ಎತ್ತರದಿಂದ ನೀರಿಳಿಸುವ ವಿನ್ಯಾಸ ಸುಲಭವೆಂದು ತೋರುತ್ತದೆ. ಆದರೆ ಇಂಥ ಕವಾಟಗಳಲ್ಲಿ ಬಹಳಷ್ಟಕ್ಕೆ ಸರಿಯಾಗಿ ತೆರೆಯಲು ನಲ್ಲಿಯಂಥ ಒತ್ತಡ ಬೇಕು, ಅರ್ಧ ಮೀಟರ್ ಎತ್ತರದ ನೀರಿನಿಂದ ಅದು ಸಿಗುವುದಿಲ್ಲ.

ವಿದ್ಯುತ್ತು

24 ವೋಲ್ಟ್, 2.5 ಆಂಪಿನ ಒಂದೇ ಅಡಾಪ್ಟರ್ ಸಾಕು. ಅದರ ಪ್ಲಸ್ ತಂತಿಯಲ್ಲಿ ಮೊದಲು 3 ಆಂಪಿನ ಫ್ಯೂಸ್, ಆಮೇಲೆ ಕೈಗೆ ಸುಲಭವಾಗಿ ಸಿಗುವ ಒಂದು ಸ್ವಿಚ್. ಪ್ರೋಗ್ರಾಂ ಏನೇ ಮಾಡಿಕೊಂಡರೂ ಈ ಸ್ವಿಚ್ ಪಂಪುಗಳನ್ನು ನಿಲ್ಲಿಸುವಂತಿರಬೇಕು. ಅಲ್ಲಿಂದ ನೀರಿನ ಪಂಪಿಗೆ ನೇರವಾಗಿ 24 ವೋಲ್ಟ್ ಹೋಗುತ್ತದೆ. ವೋಲ್ಟ್ ಇಳಿಸುವ ಒಂದು ಎಲ್‌ಎಂ2596 ಬಕ್ ಮಾಡ್ಯೂಲ್ 12 ವೋಲ್ಟ್ ಮಾಡಿ ಸಿರಪ್ ಪಂಪುಗಳಿಗೆ ಕೊಡುತ್ತದೆ, ಇನ್ನೊಂದು 5 ವೋಲ್ಟ್ ಮಾಡಿ ನ್ಯಾನೋದ 5 ವೋಲ್ಟ್ ಪಿನ್ನಿಗೆ ಕೊಡುತ್ತದೆ. ಎರಡನ್ನೂ ಜೋಡಿಸುವ ಮೊದಲೇ ಮೀಟರ್ ಹಿಡಿದು ಸ್ಕ್ರೂ ತಿರುಗಿಸಿ ಸರಿಯಾದ ವೋಲ್ಟಿಗೆ ತನ್ನಿ. ಹೊಸ ಮಾಡ್ಯೂಲಿನ ಹೊರವೋಲ್ಟೇಜ್ ಎಲ್ಲಿ ನಿಂತಿರುತ್ತದೆಂದು ಹೇಳಲಾಗದು. ಹಾಗೆಯೇ ಜೋಡಿಸಿದರೆ ನ್ಯಾನೋ ಸುಡುತ್ತದೆ. ನ್ಯಾನೋದ ವಿಐಎನ್ ಪಿನ್ನಿಗೆ 12 ವೋಲ್ಟ್ ಕೊಟ್ಟು ಎರಡನೆಯ ಮಾಡ್ಯೂಲ್ ಉಳಿಸುವ ಆಸೆ ಬೇಡ. ಅಕ್ಷರ ತೋರಿಸುವ ಎಲ್‌ಸಿಡಿ ಪರದೆಯ ಬೆಳಕೂ ಸೇರಿದರೆ ಬೋರ್ಡಿನ ಮೇಲಿನ ಪುಟ್ಟ ರೆಗ್ಯುಲೇಟರ್ ಬಿಸಿಯೇರುತ್ತದೆ.

ಪ್ರತಿ ಪಂಪಿಗೂ ಒಂದು ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್. ಅಂಗಡಿಯವರು ಐಆರ್‌ಎಫ್540ಎನ್ ಕೊಟ್ಟು ಎರಡೂ ಒಂದೇ ಎಂದರೆ ಒಪ್ಪಬೇಡಿ. ಅದು ಪೂರ್ತಿ ತೆರೆಯಲು ಗೇಟಿಗೆ 10 ವೋಲ್ಟ್ ಬೇಕು. ನ್ಯಾನೋದ 5 ವೋಲ್ಟಿಗೆ ಅರೆಬರೆ ತೆರೆದು ಬಿಸಿಯಾಗುತ್ತದೆ. ನ್ಯಾನೋ ಪಿನ್ನಿನಿಂದ ಗೇಟಿಗೆ 220 ಓಮ್, ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್. ಈ 10 ಕಿಲೋಓಮ್ ಅನ್ನು ಬಿಡುವವರು ಬಹಳ. ನ್ಯಾನೋ ಆನ್ ಆಗಿ ಪ್ರೋಗ್ರಾಂ ಶುರುವಾಗುವ ತನಕ ಪಿನ್ನುಗಳು ತೇಲುತ್ತಿರುತ್ತವೆ, ಆ ಕ್ಷಣದಲ್ಲಿ ಪಂಪು ತಾನಾಗಿ ತಿರುಗಿ ಖಾಲಿ ತಟ್ಟೆಯ ಮೇಲೆ ಸಿರಪ್ ಚೆಲ್ಲುತ್ತದೆ. ಡಿ13 ಪಿನ್ನಿಗಂತೂ ಯಾವ ಪಂಪನ್ನೂ ಕೊಡಬೇಡಿ. ಬೂಟ್‌ಲೋಡರ್ (ನ್ಯಾನೋದಲ್ಲಿ ಮೊದಲು ಓಡುವ ಪುಟ್ಟ ಪ್ರೋಗ್ರಾಂ) ಪ್ರತಿ ರೀಸೆಟ್ಟಿಗೂ ಆ ಪಿನ್ನಿನ ಎಲ್‌ಇಡಿಯನ್ನು ಮಿಣುಕಿಸುತ್ತದೆ.

ಪ್ರತಿ ಮೋಟಾರಿಗೂ ಅಡ್ಡಲಾಗಿ ಒಂದು ಡಯೋಡ್, ಗೆರೆ ಇರುವ ಕಡೆ ಪ್ಲಸ್‌ಗೆ: ಸಿರಪ್ ಪಂಪಿಗೆ 1ಎನ್5819, ನೀರಿನ ಪಂಪಿಗೆ 3 ಆಂಪ್ ತಾಳುವ 1ಎನ್5822. ನೀರಿನ ಪಂಪಿಗೆ ಪಿಡಬ್ಲ್ಯುಎಂ (ವೇಗ ತಗ್ಗಿಸಲು ವಿದ್ಯುತ್ತನ್ನು ಬಲುಬೇಗ ಆನ್-ಆಫ್ ಮಾಡುವುದು) ಕೊಡುವುದರಿಂದ ಅಲ್ಲಿ ನಿಧಾನದ 1ಎನ್4007 ಸಾಲದು. ಮೋಟಾರಿನ ಎರಡು ಕಿವಿಗಳಿಗೆ ಒತ್ತಿಕೊಂಡೇ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರನ್ನು ಬೆಸೆಯಿರಿ. 24 ವೋಲ್ಟ್ ಸಾಲಿಗೆ 1000 ಮೈಕ್ರೋಫ್ಯಾರಡಿನ, 35 ವೋಲ್ಟ್ ತಾಳುವ ಕೆಪಾಸಿಟರ್ ಇರಲಿ. ಪಂಪು ಶುರುವಾದ ಕೂಡಲೇ ಎಲ್‌ಸಿಡಿಯಲ್ಲಿ ಚಿತ್ರವಿಚಿತ್ರ ಅಕ್ಷರ ಬಂದರೆ, ಅಥವಾ ನ್ಯಾನೋ ರೀಸೆಟ್ ಆದರೆ, ಇವುಗಳಲ್ಲಿ ಒಂದು ತಪ್ಪಿದೆ ಎಂದೇ ಅರ್ಥ. ಇಲ್ಲವೇ ಮೋಟಾರಿನ ಗ್ರೌಂಡೂ ನ್ಯಾನೋದ ಗ್ರೌಂಡೂ ಒಂದೇ ಸಣ್ಣ ತಂತಿಯಲ್ಲಿ ಹೋಗುತ್ತಿವೆ. ಎರಡನ್ನೂ ಬೇರೆಬೇರೆ ತಂತಿಯಲ್ಲಿ ತಂದು ಅಡಾಪ್ಟರಿನ ಬುಡದಲ್ಲಿ ಸೇರಿಸಿ.

ಪಿನ್ನುಗಳ ಹಂಚಿಕೆ: ನೀರಿನ ಪಂಪು ಡಿ9, ಸಿರಪ್ ಪಂಪುಗಳು ಡಿ5, ಡಿ6, ಡಿ7. ಲೋಡ್‌ಸೆಲ್ಲನ್ನು ಓದಿ ಅಂಕಿಯಾಗಿಸುವ ಎಚ್‌ಎಕ್ಸ್711 ಮಾಡ್ಯೂಲಿಗೆ ಡಿ2, ಡಿ3. ಗುಂಡಿಗಳು ಡಿ10, ಡಿ11, ಡಿ12ರಿಂದ ಗ್ರೌಂಡಿಗೆ, ಒಳಗಿನ ಪುಲ್‌ಅಪ್ ಆನ್ ಮಾಡಿ. ಎಲ್‌ಸಿಡಿ ಎ4, ಎ5ರಲ್ಲಿ. ಎಲ್‌ಸಿಡಿಯಲ್ಲಿ ಬೆಳಕಿದ್ದೂ ಅಕ್ಷರ ಬಾರದಿದ್ದರೆ ಹಿಂದಿನ ಸ್ಕ್ರೂ ತಿರುಗಿಸಿ ನೋಡಿ, ಆಗಲೂ ಬಾರದಿದ್ದರೆ ವಿಳಾಸವನ್ನು ಹೆಕ್ಸ್ 27ರಿಂದ 3ಎಫ್‌ಗೆ ಬದಲಿಸಿ.

ಎಲೆಕ್ಟ್ರಾನಿಕ್ಸ್ ಪೆಟ್ಟಿಗೆ ಯಾವಾಗಲೂ ಬಾಟಲಿಗಳಿಗಿಂತ ಮೇಲೆ ಇರಲಿ. ಒಂದಲ್ಲ ಒಂದು ದಿನ ಪೈಪು ಕಳಚುತ್ತದೆ, ಆಗ ಸಿರಪ್ ಕೆಳಗೇ ಹರಿಯುತ್ತದೆ.

ತೂಕದ ತಟ್ಟೆ

1 ಕಿಲೋ ಸಾಮರ್ಥ್ಯದ ಅಲ್ಯೂಮಿನಿಯಂ ಪಟ್ಟಿಯ ಲೋಡ್‌ಸೆಲ್ ತೆಗೆದುಕೊಳ್ಳಿ. 5 ಕಿಲೋದ್ದು ಗಟ್ಟಿಮುಟ್ಟು ನಿಜ, ಆದರೆ 5 ಗ್ರಾಮಿನ ಪೇಪರ್ ಲೋಟವನ್ನು ಗುರುತಿಸಲು 1 ಕಿಲೋದ್ದೇ ಒಳ್ಳೆಯದು. ಒಂದು ತುದಿಯನ್ನು ಬುಡದ ಹಲಗೆಗೂ ಇನ್ನೊಂದು ತುದಿಯನ್ನು ಮೇಲಿನ ತಟ್ಟೆಗೂ ಸ್ಕ್ರೂ ಮಾಡಬೇಕು. ಎರಡೂ ಕಡೆ 3 ಮಿ.ಮೀ. ವಾಷರ್ ಕೊಡಿ, ಪಟ್ಟಿಯ ನಡುಭಾಗ ಎಲ್ಲಿಯೂ ತಾಗದೆ ಗಾಳಿಯಲ್ಲಿರಬೇಕು. ವಾಷರಿಲ್ಲದೆ ಪಟ್ಟಿಯನ್ನು ಹಲಗೆಗೆ ಒರಗಿಸಿ ಬಿಗಿದರೆ ಅದು ಬಾಗುವುದೇ ಇಲ್ಲ, ಓದು ಕದಲುವುದಿಲ್ಲ. ತಟ್ಟೆಯ ಆಚೆ ತುದಿಯ ಕೆಳಗೆ ಬುಡದ ಹಲಗೆಯಿಂದ ಒಂದು ಬೋಲ್ಟನ್ನು ಮೇಲಕ್ಕೆ ತಂದು, ಲೋಡ್‌ಸೆಲ್ಲಿನ ಪೂರ್ತಿ ಭಾರ ಹೇರಿದಾಗಲೂ ತಾಗದಷ್ಟು, ಆದರೆ ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ತಾಗುವಷ್ಟು ಅಂತರ ಬಿಟ್ಟು ನಿಲ್ಲಿಸಿ. ಮಕ್ಕಳು ಕೈಯೂರಿ ಒತ್ತಿದಾಗ ಲೋಡ್‌ಸೆಲ್ ಶಾಶ್ವತವಾಗಿ ಬಾಗದಂತೆ ಕಾಯುವುದು ಈ ಬೋಲ್ಟು. ತಟ್ಟೆಗೆ 4 ಮಿ.ಮೀ. ಅಕ್ರಿಲಿಕ್ ಸಾಕು. ಅಂಚು ಲೋಡ್‌ಸೆಲ್ಲಿಗಿಂತ ಹೊರಕ್ಕೆ ಚಾಚಿರಲಿ, ಚೆಲ್ಲಿದ್ದು ಸೆಲ್ ಮೇಲೆ ಬೀಳದೆ ಆಚೆಗೆ ತೊಟ್ಟಿಕ್ಕಲಿ. ಯಾವ ಪೈಪೂ ತಂತಿಯೂ ತಟ್ಟೆಗೆ ತಾಗಬಾರದು.

ಹದ ಮಾಡಲು ಅಂಗಡಿಯ 200 ಗ್ರಾಂ ತೂಕದ ಕಲ್ಲು ಬೇಕು. ಖಾಲಿ ತಟ್ಟೆಯ ಓದನ್ನು ಕಲ್ಲಿಟ್ಟಾಗಿನ ಓದಿನಿಂದ ಕಳೆದು 200ರಿಂದ ಭಾಗಿಸಿದರೆ ಒಂದು ಗ್ರಾಮಿಗೆ ಎಷ್ಟು ಎಣಿಕೆ ಎಂದು ಸಿಗುತ್ತದೆ. ಆ ಸಂಖ್ಯೆಯನ್ನು ಕರೆಂಟು ಹೋದರೂ ಅಳಿಯದ ಇಇಪ್ರಾಮ್‌ ನೆನಪಿನಲ್ಲಿ ಉಳಿಸಿ. ಕಲ್ಲಿಟ್ಟಾಗ ಓದು ಇಳಿದರೆ ಹಸಿರು, ಬಿಳಿ ತಂತಿಗಳನ್ನು ಅದಲುಬದಲು ಮಾಡಿ. ಬಿಸಿಲು ಏರಿದಂತೆ ಸೊನ್ನೆ ಮೆಲ್ಲಗೆ ಸರಿಯುತ್ತದೆ. ತಟ್ಟೆ ಖಾಲಿಯಿದ್ದು ಓದು 2 ಗ್ರಾಮಿನೊಳಗೆ ನಿಧಾನವಾಗಿ ಅಲೆಯುತ್ತಿದ್ದರೆ ಪ್ರೋಗ್ರಾಂ ಅದನ್ನೇ ಹೊಸ ಸೊನ್ನೆಯೆಂದು ಹಿಡಿಯಲಿ.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ಭಾಗ. ಸಿಗುವ ಎಚ್‌ಎಕ್ಸ್711 ಮಾಡ್ಯೂಲುಗಳಲ್ಲಿ ಹೆಚ್ಚಿನವು ಸೆಕೆಂಡಿಗೆ 10 ಓದು ಕೊಡುವಂತೆ ಜೋಡಿಸಿರುತ್ತವೆ. ಆ ವೇಗದಲ್ಲಿ ಓದು ಪೂರ್ತಿ ನೆಲೆಗೊಳ್ಳಲು 400 ಮಿಲಿಸೆಕೆಂಡ್ ಹಿಡಿಯುತ್ತದೆ. ಸಿರಪ್ ಸೆಕೆಂಡಿಗೆ 2 ಗ್ರಾಂ ಬೀಳುವಾಗ ಇದರಿಂದ ಆಗುವ ವ್ಯತ್ಯಾಸ ಒಂದು ಗ್ರಾಂ ಕೂಡ ಅಲ್ಲ. ನೀರು ಸೆಕೆಂಡಿಗೆ 16 ಗ್ರಾಂ ಬೀಳುವಾಗ 6 ಗ್ರಾಮಿಗೂ ಹೆಚ್ಚು. ಜೊತೆಗೆ ನೀರಿನ ಧಾರೆ ತಟ್ಟೆಯನ್ನು ತಳ್ಳುವ ಬಲವೂ 2–3 ಗ್ರಾಮಿನಂತೆ ತೋರುತ್ತದೆ, ಪಂಪು ನಿಂತ ಕೂಡಲೇ ಆ ಭಾರ ಮಾಯ. ಎಚ್‌ಎಕ್ಸ್711ರ 15ನೆಯ ಕಾಲನ್ನು ಬೋರ್ಡಿನಿಂದ ಎತ್ತಿ 16ನೆಯದಕ್ಕೆ ಬೆಸೆದರೆ ಸೆಕೆಂಡಿಗೆ 80 ಓದು ಬರುತ್ತದೆ, ಆದರೆ ಓದಿನಲ್ಲಿ ನಡುಕ ಹೆಚ್ಚುತ್ತದೆ. ಅದಕ್ಕಿಂತ ನೀರಿನ ಕೊನೆಯ 25 ಗ್ರಾಮನ್ನು ನಿಧಾನವಾಗಿ ಸುರಿಸುವುದೇ ಮೇಲು: ಪಿಡಬ್ಲ್ಯುಎಂ ಅನ್ನು ಶೇಕಡಾ 45ಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಹೋದರೆ ಮೋಟಾರ್ ಗುಂಯ್‌ಗುಟ್ಟಿ ನಿಲ್ಲಬಹುದು.

ಪ್ರೋಗ್ರಾಂ ಮಾಡಬೇಕಾದ್ದು

ಖಾಲಿ ತಟ್ಟೆಯ ಮೇಲೆ 4 ಗ್ರಾಮಿಗಿಂತ ಹೆಚ್ಚಿನದೇನೋ ಬಂದು ಒಂದು ಸೆಕೆಂಡ್ ಅಲುಗದೆ ನಿಂತರೆ ಲೋಟ ಬಂತೆಂದು ಅರ್ಥ. ಗುಂಡಿ ಒತ್ತಿದಾಗ ಲೋಟದ ತೂಕವನ್ನು ಸೊನ್ನೆ ಮಾಡಿ ಸಿರಪ್ ಶುರು. ಗುರಿ ಮುಟ್ಟಿದ ಮೇಲೆ ಒಂದೂವರೆ ಸೆಕೆಂಡ್ ತಡೆದು ಮತ್ತೆ ಸೊನ್ನೆ, ಆಮೇಲೆ ನೀರು. ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಎಷ್ಟು ಬಿತ್ತೆಂದು ತಕ್ಕಡಿಗೆ ತಿಳಿಯದು. ಸಿರಪ್ ಮೊದಲಾಗಲು ಇನ್ನೊಂದು ಕಾರಣ: ಅದು ಭಾರ, ತಳದಲ್ಲಿ ಕೂರುತ್ತದೆ. ನೀರಿನ ನಳಿಗೆಯನ್ನು ಲೋಟದ ಒಳಗೋಡೆಗೆ ಓರೆಯಾಗಿ ತಿರುಗಿಸಿದರೆ ನೀರು ಸುತ್ತುತ್ತಾ ಇಳಿದು ಸಿರಪ್ಪನ್ನು ಎಬ್ಬಿಸುತ್ತದೆ, ಚಮಚದ ಕೆಲಸ ಬಹುಪಾಲು ಅಲ್ಲೇ ಮುಗಿಯುತ್ತದೆ.

ಪಂಪು ಓಡುವಾಗ ನಾಲ್ಕು ಸಂದರ್ಭಗಳಲ್ಲಿ ತಕ್ಷಣ ನಿಲ್ಲಬೇಕು. ತೂಕ ಒಮ್ಮೆಲೇ 10 ಗ್ರಾಂ ಇಳಿದರೆ, ಅಥವಾ ಲೋಟ ಇಡುವ ಮೊದಲಿನ ಮಟ್ಟಕ್ಕೆ ಮರಳಿದರೆ, ಲೋಟ ಎತ್ತಿದ್ದಾರೆ. ಮೂರು ಸೆಕೆಂಡಿನಲ್ಲಿ 2 ಗ್ರಾಂ ಕೂಡ ಏರದಿದ್ದರೆ ಬಾಟಲಿ ಖಾಲಿ, ಇಲ್ಲವೇ ಗಾಳಿ ಎಳೆಯುತ್ತಿದೆ. ಒಟ್ಟು ಸಮಯ 60 ಸೆಕೆಂಡ್ ಮೀರಿದರೆ ಏನೋ ತಪ್ಪಿದೆ. ನಾಲ್ಕನೆಯದನ್ನು ಮರೆಯುವವರೇ ಹೆಚ್ಚು: ಎಚ್‌ಎಕ್ಸ್711ರಿಂದ ಅರ್ಧ ಸೆಕೆಂಡ್ ಹೊಸ ಓದು ಬಾರದಿದ್ದರೂ ನಿಲ್ಲಬೇಕು. ಇಲ್ಲವಾದರೆ ಅದರ ಒಂದು ತಂತಿ ಕಳಚಿದ ದಿನ ಪಂಪು ಗುರಿ ಮುಟ್ಟುವುದೇ ಇಲ್ಲ.

ಇದೇ ಕಾರಣಕ್ಕೆ ಎಚ್‌ಎಕ್ಸ್711 ಲೈಬ್ರರಿಯಲ್ಲಿ ಹತ್ತು ಓದುಗಳ ಸರಾಸರಿ ಕೇಳುವ ಸಾಲನ್ನು ಸುರಿಯುವಾಗ ಬಳಸಬಾರದು. ಅದು ಒಂದು ಇಡೀ ಸೆಕೆಂಡ್ ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ, ಅಷ್ಟರಲ್ಲಿ 16 ಗ್ರಾಂ ನೀರು ಹೆಚ್ಚು ಬಿದ್ದಿರುತ್ತದೆ. ಓದು ಸಿದ್ಧವೇ ಎಂದು ಕೇಳಿ, ಸಿದ್ಧವಿದ್ದರೆ ಒಂದನ್ನೇ ಓದಿ ಮುಂದುವರಿಯಿರಿ. ಡಿಲೇ ಎಂಬ ಆಜ್ಞೆ ಎಲ್ಲಿಯೂ ಬೇಡ, ಎಲ್ಲ ಕಾಲಲೆಕ್ಕವೂ ಮಿಲಿಸೆಕೆಂಡ್ ಎಣಿಸುವ ಮಿಲ್ಲಿಸ್‌ನಿಂದಲೇ ಆಗಲಿ.

ಪಂಪು ನಿಂತ ಮೇಲೆ ಬೀಳುವ ಹನಿಗಳಿಗೆ ಪ್ರೋಗ್ರಾಂ ತಾನೇ ಕಲಿಯುವ ಒಂದು ಮುಂಗಡ ಇಡಿ. ಪ್ರತಿ ದ್ರವಕ್ಕೂ ಬೇರೆ ಮುಂಗಡ. ಗುರಿ 150 ಗ್ರಾಂ, ಮುಂಗಡ 4 ಆದರೆ 146ಕ್ಕೇ ನಿಲ್ಲಿಸಿ, ಓದು ನೆಲೆಯಾದ ಮೇಲೆ ಎಷ್ಟು ಹೆಚ್ಚುಕಡಿಮೆ ಆಯಿತೋ ಅದರ ಮೂರನೇ ಒಂದು ಪಾಲನ್ನು ಮುಂಗಡಕ್ಕೆ ಕೂಡಿಸಿ. ಕೆಲವೇ ಲೋಟಗಳಲ್ಲಿ ಒಂದೆರಡು ಗ್ರಾಮಿನೊಳಗೆ ಬಂದು ನಿಲ್ಲುತ್ತದೆ. ಮುಂಗಡ 0ರಿಂದ 15ರ ಆಚೆ ಹೋಗದಂತೆ ಕಟ್ಟಿಹಾಕಿ, ಯಾರೋ ಲೋಟ ಮುಟ್ಟಿದ ಒಂದು ಕೆಟ್ಟ ಓದು ಎಲ್ಲವನ್ನೂ ಹಾಳುಮಾಡಬಾರದು. ಇಇಪ್ರಾಮ್‌ನ ಒಂದು ಕೋಶ 1,00,000 ಬರಹಗಳಷ್ಟೇ ತಾಳುತ್ತದೆಂದು ತಯಾರಕರ ಲೆಕ್ಕ. ಮುಂಗಡ ಒಂದು ಗ್ರಾಮಿಗಿಂತ ಹೆಚ್ಚು ಬದಲಾದಾಗ ಮಾತ್ರ ಬರೆಯಿರಿ.

ಪ್ರೋಗ್ರಾಂ ಸಿಕ್ಕಿಕೊಂಡರೆ ತಾನೇ ರೀಸೆಟ್ ಮಾಡುವ ವಾಚ್‌ಡಾಗ್ ಆನ್ ಮಾಡುವುದು ಒಳ್ಳೆಯದೇ. ಆದರೆ ಅಗ್ಗದ ನ್ಯಾನೋಗಳಲ್ಲಿ ಹಳೆಯ ಬೂಟ್‌ಲೋಡರ್ ಇದ್ದರೆ ವಾಚ್‌ಡಾಗ್ ರೀಸೆಟ್ ಆದಮೇಲೆ ಬೋರ್ಡು ಮತ್ತೆಮತ್ತೆ ರೀಸೆಟ್ ಆಗುತ್ತಾ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊದಲು ಆಪ್ಟಿಬೂಟ್ ಎಂಬ ಬೂಟ್‌ಲೋಡರ್ ಹಾಕಿಕೊಳ್ಳಿ.

ಸಿರಪ್ ಹದ

ಒಂದು ಪಾಲು ನೀರಿಗೆ ಎರಡು ಪಾಲು ಸಕ್ಕರೆಯ ಗಟ್ಟಿ ಪಾಕ ಬಹಳ ದಿನ ಬಾಳುತ್ತದೆ, ಆದರೆ ಸಣ್ಣ ಪಂಪು ಅದನ್ನು ಎಳೆಯಲು ಹೆಣಗುತ್ತದೆ. 20 ಡಿಗ್ರಿಯಲ್ಲಿ ಶೇಕಡಾ 65ರ ಸಕ್ಕರೆ ದ್ರಾವಣ ಶೇಕಡಾ 50ರದ್ದಕ್ಕಿಂತ ಸುಮಾರು ಹತ್ತು ಪಟ್ಟು ಮಂದ. ಯಂತ್ರಕ್ಕೆ ತೂಕದಲ್ಲಿ ಸಮಸಮ ಇರುವ ಪಾಕವೇ ಸರಿ. ಅದು ಬೇಗ ಹುದುಗುವುದರಿಂದ ಆ ದಿನಕ್ಕೆ ಬೇಕಾದಷ್ಟೇ ಮಾಡಿ, ಉಳಿದದ್ದನ್ನು ಫ್ರಿಜ್‌ನಲ್ಲಿಡಿ.

ಪುನರ್ಪುಳಿಗೆ 100 ಗ್ರಾಂ ಒಣಸಿಪ್ಪೆಯನ್ನು ನಾಲ್ಕೈದು ಗಂಟೆ ನೆನೆಸಿ ಹಿಂಡಿ, ಸೋಸಿದ ರಸ 500 ಗ್ರಾಂ ಆಗುವಂತೆ ನೀರು ಸೇರಿಸಿ, 500 ಗ್ರಾಂ ಸಕ್ಕರೆ ಕರಗಿಸಿ. ಉತ್ತರ ಕನ್ನಡದವರು ಮುರುಗಲು ಎನ್ನುವುದೂ ಇದನ್ನೇ. ನಿಂಬೆಗೆ 500 ಗ್ರಾಂ ಸಕ್ಕರೆಯನ್ನು 250 ಮಿ.ಲೀ. ನೀರಿನಲ್ಲಿ ಕಾಯಿಸಿ ಕರಗಿಸಿ, ಪೂರ್ತಿ ಆರಿದ ಮೇಲೆ 250 ಮಿ.ಲೀ. ನಿಂಬೆರಸ. ನಿಂಬೆರಸ ಹೊತ್ತು ಕಳೆದಂತೆ ಕಹಿಯಾಗುತ್ತದೆ, ಬೆಳಿಗ್ಗೆ ಹಿಂಡಿದ್ದನ್ನು ಸಂಜೆಯೊಳಗೆ ಮುಗಿಸಿ. ಪಾನಕಕ್ಕೆ ಬೆಲ್ಲ ಮತ್ತು ನೀರು ಸಮಸಮ. ಒಣಶುಂಠಿ, ಕಾಳುಮೆಣಸು, ಏಲಕ್ಕಿಯನ್ನು ಜಜ್ಜಿ ಬಟ್ಟೆಯಲ್ಲಿ ಗಂಟು ಕಟ್ಟಿ ಅದರಲ್ಲೇ ಕುದಿಸಿ ತೆಗೆಯಿರಿ. ಪುಡಿ ಹಾಕಿದರೆ ಟ್ಯೂಬ್ ಕಟ್ಟಿಕೊಳ್ಳುವುದು ಖಚಿತ. ಬೆಲ್ಲದಲ್ಲಿ ಮರಳೂ ಕಬ್ಬಿನ ನಾರೂ ಇರುತ್ತವೆ, ಒಂದು ಗಂಟೆ ತಂಗಲು ಬಿಟ್ಟು ಮೇಲಿನದನ್ನು ಮಾತ್ರ ಬಗ್ಗಿಸಿಕೊಳ್ಳಿ. ಮೂರನ್ನೂ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿಯೇ ಬಾಟಲಿಗೆ ತುಂಬಬೇಕು.

ಲೋಟಕ್ಕೆ ಪುನರ್ಪುಳಿ 50 ಗ್ರಾಂ, ಉಳಿದೆರಡು 45 ಗ್ರಾಂ, ನೀರು 150. ಪಾಕವಿಧಾನವನ್ನು ಮಿ.ಲೀ.ನಲ್ಲಿ ಬರೆದಿಟ್ಟುಕೊಂಡವರು ಸಮಸಮ ಪಾಕಕ್ಕೆ 1.23ರಿಂದ ಗುಣಿಸಿ ಗ್ರಾಂ ಮಾಡಿಕೊಳ್ಳಿ. ಮಜ್ಜಿಗೆ, ಬಾದಾಮಿ ಹಾಲು ಇದರಲ್ಲಿ ಬೇಡವೇ ಬೇಡ. ಹಾಲಿನ ಅಂಶ ಟ್ಯೂಬಿನ ಒಳಗೋಡೆಗೆ ಹಿಡಿದುಕೊಂಡು ಕೆಡುತ್ತದೆ, ಅದನ್ನು ತೊಳೆದು ತೆಗೆಯುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಬಾಟಲಿಯ ಮುಚ್ಚಳದಲ್ಲಿ ಟ್ಯೂಬಿನ ತೂತಿನ ಪಕ್ಕ ಗಾಳಿಗೆ ಇನ್ನೊಂದು 2 ಮಿ.ಮೀ. ತೂತು ಬೇಕೇ ಬೇಕು. ಇಲ್ಲದಿದ್ದರೆ ಬಾಟಲಿ ಒಳಕ್ಕೆ ಕುಗ್ಗುತ್ತದೆ, ಹರಿವು ಇಳಿಯುತ್ತದೆ, ಪಂಪು ಕೆಟ್ಟಿತೆಂದು ಜನ ಪಂಪು ಬದಲಿಸುತ್ತಾರೆ. ಆ ತೂತಿಗೆ ಸ್ವಲ್ಪ ಹತ್ತಿ ತುರುಕಿ, ಹಣ್ಣಿನ ನೊಣ ಒಳಗೆ ಹೋಗುವುದಿಲ್ಲ. ಇರುವೆಗೆ ಹಳೆಯ ಉಪಾಯವೇ ಸಾಕು: ಬಾಟಲಿಗಳನ್ನು ನೀರು ತುಂಬಿದ ಅಗಲ ತಟ್ಟೆಯ ನಡುವೆ ಎತ್ತರಿಸಿ ನಿಲ್ಲಿಸಿ.

ತೊಳೆಯುವುದು

ಮೊದಲ ಮತ್ತು ಮೂರನೆಯ ಗುಂಡಿಯನ್ನು ಒಟ್ಟಿಗೆ ಐದು ಸೆಕೆಂಡ್ ಒತ್ತಿದರೆ ತೊಳೆಯುವ ಸರದಿ ಶುರುವಾಗುವಂತೆ ಮಾಡಿ. ದಿನದ ಕೊನೆಗೆ ಟ್ಯೂಬುಗಳನ್ನು ಬಾಟಲಿಯಿಂದ ತೆಗೆದು ಬೆಚ್ಚಗಿನ ನೀರಿನ ಪಾತ್ರೆಗೆ ಇಳಿಸಿ, ಕೆಳಗೆ ದೊಡ್ಡ ಪಾತ್ರೆಯಿಟ್ಟು ಒಂದೊಂದು ಪಂಪನ್ನೂ ಎರಡು ನಿಮಿಷ ಓಡಿಸಿ. ಕೊನೆಗೆ ಗಾಳಿ ಎಳೆಸಿ ಟ್ಯೂಬ್ ಒಣಗಿಸಿ. ಈ ಸರದಿಗೆ ಹರಿವಿನ ಪರೀಕ್ಷೆ ಅನ್ವಯಿಸಬಾರದು, ಸಮಯದ ಮಿತಿ ಮಾತ್ರ ಇರಲಿ.

ವಾರಕ್ಕೊಮ್ಮೆ ಸುವಾಸನೆ ಬೆರೆಸದ, ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ಅನ್ನು ಲೀಟರ್ ನೀರಿಗೆ 4 ಮಿ.ಲೀ. ಬೆರೆಸಿ ಟ್ಯೂಬುಗಳಲ್ಲಿ ತುಂಬಿಸಿ ಹತ್ತು ನಿಮಿಷ ಬಿಟ್ಟು, ಆಮೇಲೆ ಬರೀ ನೀರಿನಿಂದ ವಾಸನೆ ಹೋಗುವ ತನಕ ತೊಳೆಯಿರಿ. ಇದಕ್ಕೂ ಮೊದಲು ನೀರಿನಿಂದ ಹುಳಿಯನ್ನೆಲ್ಲ ತೊಳೆದಿರಲೇಬೇಕು. ಹೈಪೋಕ್ಲೋರೈಟಿಗೆ ನಿಂಬೆ, ಪುನರ್ಪುಳಿಯ ಹುಳಿ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿ ತೆರೆದಿಟ್ಟುಕೊಂಡೇ ಈ ಕೆಲಸ ಮಾಡಿ. ಪುನರ್ಪುಳಿಯ ಟ್ಯೂಬು ಕೆಂಪಗೆ ಕಾಣುವುದು ಬಣ್ಣ ಹಿಡಿದದ್ದಷ್ಟೇ, ಕೊಳೆಯಲ್ಲ. ಜಾರುವ ಲೋಳೆ ಕಂಡರೆ ಮಾತ್ರ ಬದಲಿಸಿ.

ಸಿರಪ್ ಬೀಳುವ ಹೊತ್ತು ವಾರದಿಂದ ವಾರಕ್ಕೆ ಹೆಚ್ಚುತ್ತಾ ಹೋದರೆ ಪಂಪಿನ ತಲೆ ಬಿಚ್ಚಿ ನೋಡಿ, ರೋಲರ್ ಒತ್ತುವ ಜಾಗದಲ್ಲಿ ಟ್ಯೂಬು ಚಪ್ಪಟೆಯಾಗಿರುತ್ತದೆ. ಅದೇ ಒಳವ್ಯಾಸ, ಅದೇ ಹೊರವ್ಯಾಸದ ಆಹಾರಯೋಗ್ಯ ಸಿಲಿಕೋನ್ ಟ್ಯೂಬನ್ನೇ ಹಾಕಬೇಕು. ಗೋಡೆ ದಪ್ಪವಾದರೆ ಮೋಟಾರ್ ಸಿಕ್ಕಿಹಾಕಿಕೊಳ್ಳುತ್ತದೆ, ತೆಳುವಾದರೆ ಸಿರಪ್ ಹಿಂದಕ್ಕೆ ಜಾರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಯಂತ್ರ ಬಳಸದಿದ್ದರೆ ತಲೆಗಳನ್ನು ಮೋಟಾರಿನಿಂದ ಕಳಚಿಡಿ. ಒಂದೇ ಜಾಗದಲ್ಲಿ ಒತ್ತಿಕೊಂಡೇ ಉಳಿದ ಟ್ಯೂಬು ಅಲ್ಲಿ ಅಂಟಿಕೊಂಡು, ಮುಂದಿನ ಬೇಸಿಗೆಗೆ ಮೊದಲ ಬಾಟಲಿ ಇಡುವಾಗಲೇ ಕೈಕೊಡುತ್ತದೆ.